ಫೋರ್‌ಡಿ ರಾಯರು

ಫೋರ್‌ಡಿ ರಾಯರ ಕೈಯಲ್ಲಿ 28 ಮಹಡಿಯ ಕಟ್ಟಡ ಮೂರೇ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಮೊದಲು ಗುಂಡಿ, ಆಮೇಲೆ ಬುನಾದಿ, ಆಮೇಲೆ ಕಂಬ, ಸ್ಲ್ಯಾಬು, ಕಂಬ, ಸ್ಲ್ಯಾಬು ಅಂತ ಸರಸರನೆ ಮೇಲೇರಿ, ಕೊನೆಗೆ ಗಾಜು ಹೊದ್ದುಕೊಂಡು, ಸುತ್ತಲೂ ನಾಲ್ಕು ಮರ ಚಿಗುರಿದರೆ ಮುಗಿಯಿತು. ಪರದೆಯ ಮೂಲೆಯಲ್ಲಿ ತಾರೀಖು ಓಡುತ್ತಿರುತ್ತದೆ, ಹಿನ್ನೆಲೆಯಲ್ಲಿ ಪಿಟೀಲು. ವೀಡಿಯೊ ಮುಗಿಯುತ್ತಲೇ ಮೀಟಿಂಗ್ ರೂಮಿನಲ್ಲಿ ಚಪ್ಪಾಳೆ ಬೀಳುತ್ತದೆ, ಚಹಾ ಬರುತ್ತದೆ, ಅದೃಷ್ಟವಿದ್ದರೆ ಟೆಂಡರೂ ಬರುತ್ತದೆ. ಆಮೇಲೆ ಕಟ್ಟಡ ಕಟ್ಟುವುದೊಂದು ಬಾಕಿ ಇರುತ್ತದೆ. ಅದು ಬೇರೆ ಡಿಪಾರ್ಟ್‌ಮೆಂಟು.

ಇವರು ಒಬ್ಬರೇ ಅಂದುಕೊಳ್ಳಬೇಡಿ. ನೋಯ್ಡಾದ ಸೆಕ್ಟರ್ 62ರಲ್ಲಿ, ಗುರುಗ್ರಾಮದ ಉದ್ಯೋಗ ವಿಹಾರದಲ್ಲಿ, ಓಖ್ಲಾದ ಹಳೇ ಕಾರ್ಖಾನೆಗಳ ಮೇಲ್ಮಹಡಿಗಳಲ್ಲಿ, ಎಲ್ಲೆಲ್ಲಿ ಎರಡೆರಡು ಮಾನಿಟರ್ ಇಟ್ಟುಕೊಂಡು ಲಂಡನ್ನಿನದೋ ದುಬೈಯದೋ ಕಟ್ಟಡವನ್ನು ಬಿಡಿಸುತ್ತಾರೋ ಅಲ್ಲೆಲ್ಲ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಾನು ಹೇಳುತ್ತಿರುವವರು ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ‘ಎರಡು ವರ್ಷ ಇದ್ದು ಬಂದುಬಿಡ್ತೀನಿ’ ಎಂದು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದವರು. ಆ ಎರಡು ವರ್ಷಕ್ಕೆ ಈಗ ಹದಿನೆಂಟರ ಪ್ರಾಯ. ತಾಯಿ ಊರಿನಿಂದ ಫೋನು ಮಾಡಿ ಯಾವಾಗ ಬರ್ತೀಯೋ ಎಂದರೆ, ‘ಡಿಲೇ ಅಲ್ಲಮ್ಮ, ಬೇಸ್‌ಲೈನ್ ರಿವೈಸ್ ಆಗಿದೆ’ ಎನ್ನುತ್ತಾರೆ. ಅವರು ರಾಯರೂ ಅಲ್ಲ. ವಿಂಧ್ಯದಿಂದ ಕೆಳಗಿನವನು ಒಂದೋ ರಾವ್, ಇಲ್ಲವೇ ರೆಡ್ಡಿ ಎಂಬ ದೆಹಲಿಯ ಲೆಕ್ಕದಲ್ಲಿ ಸೈಟಿನವರು ರಾವ್ ಸಾಬ್ ಎಂದರು, ನಾವು ಕನ್ನಡದವರು ಅದನ್ನೇ ರಾಯರು ಮಾಡಿಕೊಂಡೆವು.

ಉದ್ದ, ಅಗಲ, ಎತ್ತರ ಮೂರಾದರೆ ಕಾಲ ನಾಲ್ಕನೆಯದು, ಅದಕ್ಕೇ ಫೋರ್‌ಡಿ. ಒಂದು ಕಡೆ ಆರ್ಕಿಟೆಕ್ಟ್ ರೆವಿಟ್‌ನಲ್ಲಿ ಬಿಡಿಸಿದ ಮಾಡೆಲ್. ಇನ್ನೊಂದು ಕಡೆ ಪ್ಲಾನಿಂಗ್‌ನವನು ಪ್ರಿಮಾವೆರಾದಲ್ಲಿ ಹೆಣೆದ ಶೆಡ್ಯೂಲು. ಎರಡನ್ನೂ ತಂದು ನೇವಿಸ್‌ವರ್ಕ್ಸ್‌ನ ಟೈಮ್‌ಲೈನರ್‌ನಲ್ಲೋ ಸಿಂಕ್ರೋದಲ್ಲೋ ಗಂಟುಹಾಕಬೇಕು. ಜಾತಕ ಕೂಡಿಸುವ ಜೋಯಿಸರ ಕೆಲಸವೇ ಇದು: ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಲ್ಲ, ಮದುವೆ ಮುರಿದರೆ ಬೈಗುಳ ಮಾತ್ರ ಜೋಯಿಸರಿಗೆ. ಈ ಸಾಫ್ಟ್‌ವೇರುಗಳ ವಂಶಾವಳಿ ರಾಯರಿಗೆ ಬಾಯಿಪಾಠ. ನೇವಿಸ್‌ವರ್ಕ್ಸ್ ಇಂಗ್ಲೆಂಡಿನ ಷೆಫೀಲ್ಡ್‌ನ ಕೂಸು, 2007ರಲ್ಲಿ ಆಟೋಡೆಸ್ಕ್ ಮನೆ ಸೇರಿತು. ಪ್ರಿಮಾವೆರಾವನ್ನು 2008ರಲ್ಲಿ ಒರಾಕಲ್ ಕೊಂಡಿತು. ಸಿಂಕ್ರೋ 2018ರಲ್ಲಿ ಬೆಂಟ್ಲಿಯವರ ಪಾಲಾಯಿತು. ನಾಗ್ಪುರ ಮೆಟ್ರೊದವರು ದುಡ್ಡಿನ ಲೆಕ್ಕವನ್ನೂ ಮಾಡೆಲ್ಲಿಗೆ ಕಟ್ಟಿ ಫೈವ್‌ಡಿ ಎಂದರು ಎಂಬುದನ್ನೂ ಹೇಳುತ್ತಾರೆ. ‘ದುಡ್ಡು ಐದನೇದಾ? ನಮ್ಮನೇಲಿ ಮೊದಲನೇದು’ ಎಂದು ಅಡುಗೆಮನೆಯಿಂದ ಧ್ವನಿ ಬರುತ್ತದೆ.

ಹೊರಗಿನವರಿಗೆ ಕಾಣುವುದು ಮೂರು ನಿಮಿಷದ ವೀಡಿಯೊ. ಅದರ ಹಿಂದಿನ ಮೂರು ತಿಂಗಳು ರಾಯರು ಮಾಡುವುದು ಒಂದೇ ಕೆಲಸ: ಕತ್ತರಿಸುವುದು. ಆರ್ಕಿಟೆಕ್ಟ್ ಮಹಾಶಯರು ಬೇಸ್‌ಮೆಂಟಿನಲ್ಲಿ ಒಂದು ಸಲ ಕ್ಲಿಕ್ ಮಾಡಿ, ಟೆರೇಸಿನವರೆಗೆ ಒಂದೇ ಕಂಬ ಎಳೆದು ಕಾಫಿಗೆ ಹೋಗಿರುತ್ತಾರೆ. ಬಿಡಿಸುವವರಿಗೆ ಅದು ಸಲೀಸು, ನೋಡುವವರಿಗೂ ಚೆಂದ. ಆದರೆ ಯಾವ ಮೇಸ್ತ್ರಿಯೂ 28 ಮಹಡಿಯ ಕಂಬವನ್ನು ಒಂದೇ ಏಟಿಗೆ ಎರಕ ಹೊಯ್ಯುವುದಿಲ್ಲವಲ್ಲ. ಕಂಬಿ ಕಟ್ಟಿ, ಶಟರಿಂಗ್ ನಿಲ್ಲಿಸಿ, ಕಾಂಕ್ರೀಟು ಸುರಿದು, ಒಂದೊಂದೇ ಮಹಡಿ ಏರಬೇಕು. ಆ ಮಾಡೆಲ್ಲನ್ನು ಹಾಗೇ ಶೆಡ್ಯೂಲಿಗೆ ಕಟ್ಟಿದರೆ ಸೋಮವಾರ ಬುನಾದಿ, ಮಂಗಳವಾರ ಬೆಳಿಗ್ಗೆ ಆಕಾಶಕ್ಕೆ ನೂರು ಕಂಬ. ಅದಕ್ಕೇ ರಾಯರು ಪ್ರತಿ ಕಂಬವನ್ನೂ ಮಹಡಿ ಮಹಡಿಗೆ ಕೊಯ್ಯುತ್ತಾರೆ. ಸ್ಲ್ಯಾಬಿನದು ಇನ್ನೂ ನಾಜೂಕು. ಇಡೀ ಮಹಡಿಯ ಸ್ಲ್ಯಾಬನ್ನು ಒಂದೇ ದಿನ ಹಾಕುವಷ್ಟು ಜನವೂ ಇರುವುದಿಲ್ಲ, ಅಷ್ಟು ರೆಡಿಮಿಕ್ಸ್ ಕಾಂಕ್ರೀಟಿನ ಗಾಡಿಯೂ ಬರುವುದಿಲ್ಲ. ಎರಡೋ ಮೂರೋ ಪೋರ್‌ಗಳಲ್ಲಿ ಹಾಕುತ್ತಾರೆ. ಆ ಪೋರ್‌ಗಳ ಗೆರೆ ಎಲ್ಲಿ ಬರುತ್ತದೆ ಎಂದು ಸೈಟ್ ಇನ್‌ಚಾರ್ಜ್‌ನನ್ನು ಕೇಳಿದರೆ, ‘ರಾವ್ ಸಾಬ್, ವೋ ತೋ ಉಸೀ ದಿನ್ ದೇಖೇಂಗೆ’ ಎನ್ನುತ್ತಾನೆ. ರಾಯರು ತಾವೇ ಗೆರೆ ಎಳೆದು, ರೆವಿಟ್‌ನಲ್ಲಿ ಪಾರ್ಟ್ಸ್ ಮಾಡಿ, ಸ್ಲ್ಯಾಬನ್ನು ಪೀಸು ಪೀಸು ಮಾಡಿ ಇಡುತ್ತಾರೆ.

ಇಷ್ಟಾದ ಮೇಲೆ ಎಕ್ಸ್‌ಪೋರ್ಟು. ರೆವಿಟ್‌ನಿಂದ ನೇವಿಸ್‌ವರ್ಕ್ಸ್‌ಗೆ ಫೈಲು ಕಳಿಸುವ ಕಿಟಕಿಯಲ್ಲಿ ಪುಟ್ಟ ಪುಟ್ಟ ಚೌಕಗಳಿರುತ್ತವೆ, ಟಿಕ್ ಹಾಕಲಿಕ್ಕೆ. ಅವುಗಳಲ್ಲೊಂದು ‘ಕನ್ವರ್ಟ್ ಕನ್‌ಸ್ಟ್ರಕ್ಷನ್ ಪಾರ್ಟ್ಸ್’. ಅದಕ್ಕೆ ಟಿಕ್ ಇಲ್ಲದೆ ಎಕ್ಸ್‌ಪೋರ್ಟ್ ಒತ್ತಿದಿರೋ, ರಾಯರು ಮೂರು ವಾರ ಕೂತು ಕೊಯ್ದ ಹೋಳುಗಳೆಲ್ಲ ಮಾಯವಾಗಿ ಸ್ಲ್ಯಾಬು ಅಖಂಡವಾಗಿ ಹೋಗಿ ಕೂರುತ್ತದೆ. ಹೊಸದಾಗಿ ಸೇರಿದ ಹುಡುಗರು ಇದನ್ನು ಒಂದು ಸಲವಾದರೂ ಮಾಡಿಯೇ ತೀರುತ್ತಾರೆ. ರಾಯರು ಬೈಯುವುದಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಬೆರಳನ್ನು ಆ ಚೌಕದ ಮೇಲಿಟ್ಟು, ಹುಡುಗ ಅಳುವ ಹಂತಕ್ಕೆ ಬರುವವರೆಗೂ ತೆಗೆಯುವುದಿಲ್ಲ. ಅದರ ಮಗ್ಗುಲಲ್ಲೇ ಕೋಆರ್ಡಿನೇಟ್ಸ್ ಎಂಬ ಇನ್ನೊಂದು ಸಾಲು: ಶೇರ್ಡ್ ಬೇಕೋ, ಪ್ರಾಜೆಕ್ಟ್ ಇಂಟರ್ನಲ್ ಬೇಕೋ? ಸ್ಟ್ರಕ್ಚರಿನವರು ಒಂದನ್ನು, ಎಸಿ ಡಕ್ಟಿನವರು ಇನ್ನೊಂದನ್ನು ಆರಿಸಿದ ದಿನ ಕಂಬಗಳು ನೋಯ್ಡಾದಲ್ಲೂ ಡಕ್ಟುಗಳು ಹಿಂಡನ್ ನದಿಯಾಚೆ ಗಾಜಿಯಾಬಾದಿನಲ್ಲೂ ತೇಲುತ್ತಿರುತ್ತವೆ.

ಇನ್ನು ಹೆಸರಿನ ಪುರಾಣ. ಪ್ರತಿ ಹೋಳಿಗೂ ಒಂದು ಕೋಡು: ಟಿ3-ಎಲ್07-ಎಸ್‌ಎಲ್-ಪಿ2. ಮೂರನೇ ಟವರು, ಏಳನೇ ಮಹಡಿ, ಸ್ಲ್ಯಾಬು, ಎರಡನೇ ಪೋರ್ ಎಂದರ್ಥ. ಶೆಡ್ಯೂಲಿನಲ್ಲೂ ಅಕ್ಷರಶಃ ಅದೇ ಕೋಡು ಇದ್ದರೆ ಟೈಮ್‌ಲೈನರ್ ಎರಡನ್ನೂ ತಾನೇ ಹುಡುಕಿ ಜೋಡಿಸುತ್ತದೆ, ಸಾವಿರಾರು ಗಂಟುಗಳು ಕ್ಷಣದಲ್ಲಿ ಬೀಳುತ್ತವೆ. ಪ್ಲಾನಿಂಗ್‌ನವನು ಕೋಡಿನ ಕೊನೆಯಲ್ಲಿ ಸ್ಪೇಸ್ ಬಾರನ್ನು ಒಂದು ಸಲ ಹೆಚ್ಚಿಗೆ ಒತ್ತಿದ್ದರೆ ಮಾತ್ರ ಬೀಳುವುದಿಲ್ಲ. ಕಣ್ಣಿಗೆ ಎರಡೂ ಒಂದೇ ಥರ, ಕಂಪ್ಯೂಟರಿಗೆ ಬೇರೆ ಬೇರೆ. ಕಾಣದ ಆ ಖಾಲಿ ಜಾಗವನ್ನು ಹುಡುಕುತ್ತ ರಾಯರು ರಾತ್ರಿ ಕಳೆದದ್ದುಂಟು. ಸಂಸಾರದಲ್ಲೂ ಅದೇ ಶಿಸ್ತು. ಮಸಾಲೆ ಡಬ್ಬಿಗಳಿಗೆಲ್ಲ ಕೋಡು ಅಂಟಿಸಿದ್ದರು. ಅತ್ತೆ ಊರಿನಿಂದ ಬಂದು ಕೆಎಂ-ಎಸ್‌ಪಿ-04 ಸಾಂಬಾರ್ ಪುಡಿಯೋ ಸಾರಿನ ಪುಡಿಯೋ ತಿಳಿಯದೆ ಹುಳಿಗೆ ರಸಂ ಪುಡಿ ಹಾಕಿದ ಮೇಲೆ ಆ ಪದ್ಧತಿ ನಿಂತಿತು.

ಗಂಟು ತಪ್ಪಿದರೆ ಏನಾಗುತ್ತದೆ ಎಂಬುದು ತಿಳಿಯುವುದು ಮಾಲೀಕರ ಎದುರಿಗೇ. ಒಮ್ಮೆ ಗುರುಗ್ರಾಮದ ಮೀಟಿಂಗಿನಲ್ಲಿ ಆರನೇ ಮಹಡಿಯ ಕಂಬಗಳು ಶೆಡ್ಯೂಲಿಗೆ ಅಂಟಿರಲಿಲ್ಲ. ಏಳನೇ ಸ್ಲ್ಯಾಬು ಕೆಳಗೆ ಏನೂ ಇಲ್ಲದೆ ಗಾಳಿಯಲ್ಲಿ ಹಾಯಾಗಿ ಬಂದು ನಿಂತಿತು. ‘ಯೇ ಕ್ಯಾ ಹೈ?’ ಎಂದರು ಮಾಲೀಕರು. ‘ಪ್ರೀಕಾಸ್ಟ್, ಸರ್’ ಎಂದುಬಿಟ್ಟರು ರಾಯರು. ಆಮೇಲೆ ಕಾರಿಡಾರಿನಲ್ಲಿ ಸಿಕ್ಕಿ, ‘ವಿಶ್ವಾಮಿತ್ರರು ಮಾಡಿದರೆ ತ್ರಿಶಂಕು ಸ್ವರ್ಗ, ನಾವು ಮಾಡಿದರೆ ಮಿಸ್ಟೇಕಾ?’ ಎಂದು ನನ್ನನ್ನೇ ಕೇಳಿದರು. ಟೈಮ್‌ಲೈನರಿನಲ್ಲಿ ಕೆಲಸದ ಬಗೆಗೂ ಒಂದು ಕಾಲಂ ಇದೆ: ಕಟ್ಟುವುದು ಹಸಿರು, ಕೆಡವುವುದು ಕೆಂಪು, ತಾತ್ಕಾಲಿಕ ಹಳದಿ. ಅಲ್ಲಿ ಕೈ ತಪ್ಪಿದರೆ ಕ್ಲಬ್‌ಹೌಸು ಉದ್ಘಾಟನೆಯ ದಿನವೇ ಕೆಂಪಗಾಗಿ ಕರಗಿಹೋಗುತ್ತದೆ.

ಕೆಡವುವ ಮಾತು ಬಂದರೆ ರಾಯರಿಗೆ ಎಲ್ಲಿಲ್ಲದ ಹುರುಪು. ನೋಯ್ಡಾ ಸೆಕ್ಟರ್ 93ಎಯ ಅವಳಿ ಗೋಪುರಗಳನ್ನು ಮೂರು ತಿಂಗಳಲ್ಲಿ ಕೆಡವಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರ ಆಗಸ್ಟ್ 31ರಂದು. ಅವು ನೆಲಕ್ಕೆ ಬಿದ್ದದ್ದು 2022ರ ಆಗಸ್ಟ್ 28ರಂದು, ಸುಮಾರು 3,700 ಕಿಲೋ ಸ್ಫೋಟಕ ತುಂಬಿ, ಸುಮಾರು 9 ಸೆಕೆಂಡಿನಲ್ಲಿ. ‘ಒಂಬತ್ತು ಸೆಕೆಂಡಿನ ಆಕ್ಟಿವಿಟಿ, ಒಂಬತ್ತು ತಿಂಗಳು ಲೇಟು! ಕೆಡವೋದಕ್ಕೇ ಹೀಗಾದರೆ ಕಟ್ಟೋರನ್ನ ಯಾಕೆ ಬೈತೀರಿ?’ ಇದು ಅವರ ಖಾಯಂ ವಾದ.

ಕಟ್ಟುವವರ ಕಷ್ಟವೂ ಕಡಿಮೆಯದಲ್ಲ. ದೀಪಾವಳಿ ಆಯಿತೆಂದರೆ ಬಿಹಾರದ, ಪೂರ್ವ ಉತ್ತರಪ್ರದೇಶದ ಕೆಲಸಗಾರರು ಛಠ್ ಪೂಜೆಗೆ ಊರಿಗೆ ಹೊರಡುತ್ತಾರೆ. ಅವರು ಮರಳುವಷ್ಟರಲ್ಲಿ ಗಾಳಿ ಕೆಟ್ಟಿರುತ್ತದೆ. ಗಾಳಿಯ ಸೂಚ್ಯಂಕ 400 ದಾಟಿ ಗ್ರಾಪ್ ಎಂಬ ಮಾಲಿನ್ಯ ತಡೆ ಯೋಜನೆಯ ಮೂರನೇ ಹಂತ ಜಾರಿಯಾಯಿತೆಂದರೆ ಅಗೆತ, ಕಾಂಕ್ರೀಟು, ಎಲ್ಲ ಬಂದ್. ಮೆಟ್ರೊ, ಆಸ್ಪತ್ರೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ರಾಯರು ಪ್ರಿಮಾವೆರಾದ ಕ್ಯಾಲೆಂಡರಿನಲ್ಲಿ ನವೆಂಬರಿಗೆ ಒಂದಿಷ್ಟು ‘ಗ್ರಾಪ್ ರಜೆ’ ಹಾಕಿಟ್ಟಿರುತ್ತಾರೆ. ಆದರೆ ಗ್ರಾಪ್ ಬರುವುದು ಗಾಳಿ ನೋಡಿ, ಕ್ಯಾಲೆಂಡರ್ ನೋಡಿ ಅಲ್ಲ. ರಜೆ ಹಾಕಿದ ವಾರ ಆಕಾಶ ತೊಳೆದಂತಿರುತ್ತದೆ, ಸ್ಲ್ಯಾಬು ಹಾಕುವ ದಿನ ಪಕ್ಕದ ಟವರೇ ಕಾಣುವುದಿಲ್ಲ. ರಾವ್ ತುಲಾರಾಂ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ರಾಜ್ಯೋತ್ಸವದ ಊಟಕ್ಕೆ ಸಾಲು ನಿಂತಿದ್ದಾಗ ರಾಯರು ಕೆಮ್ಮುತ್ತ ನಿಟ್ಟುಸಿರಿಟ್ಟರು: ‘ಇದೇ ಇಂದ್ರಪ್ರಸ್ಥದಲ್ಲಿ ಮಯ 14 ತಿಂಗಳಲ್ಲಿ ಸಭೆ ಕಟ್ಟಿ ಹ್ಯಾಂಡೋವರ್ ಮಾಡಿದ ಸ್ವಾಮಿ. ಹೇಗೆ? ಅದಕ್ಕೆ ಮುಂಚೆ ಇಡೀ ಖಾಂಡವವನ ಸುಟ್ಟರೂ ಒಂದು ನೋಟಿಸು ಬರಲಿಲ್ಲ!’ ದುರ್ಯೋಧನ ನೆಲವೆಂದು ತಿಳಿದು ನೀರಿಗೆ ಬಿದ್ದನಲ್ಲ, ಅದು ಕ್ವಾಲಿಟಿ ಪ್ರಾಬ್ಲಮ್ ಅಲ್ಲವೇ ಎಂದೆ. ‘ಅದು ಸೈಟ್ ಸೇಫ್ಟಿಯವರು ನೋಡ್ಕೋಬೇಕು, ನಮ್ಮ ಸ್ಕೋಪಲ್ಲ’ ಎಂದು ಕೋಸಂಬರಿ ಹಾಕಿಸಿಕೊಂಡರು.

ಇಂಥ ರಾಯರೂ ಗ್ರೇಟರ್ ನೋಯ್ಡಾ ವೆಸ್ಟ್‌ನಲ್ಲಿ ಒಂದು ಫ್ಲ್ಯಾಟ್ ಬುಕ್ ಮಾಡಿದ್ದಾರೆ. ಬಿಲ್ಡರ್ ಯಾರೆಂದು ಕೇಳಬೇಡಿ. ಆ ಕಡೆ ಯಾರ ಹೆಸರು ಹೇಳಿದರೂ ಕಥೆ ಒಂದೇ. ಮಗಳು ಎಲ್‌ಕೆಜಿಯಲ್ಲಿದ್ದಾಗ ಕೊಟ್ಟ ಮುಂಗಡ, ಅವಳೀಗ ಕಾಲೇಜು. ತಿಂಗಳಾದರೆ ಇಎಂಐ ಒಂದು ಕಡೆ, ಬಾಡಿಗೆ ಇನ್ನೊಂದು ಕಡೆ. ಬೇರೆಯವರಾಗಿದ್ದರೆ ಧರಣಿ ಕೂರುತ್ತಿದ್ದರು, ಇವರು ಮಾಡೆಲ್ ಮಾಡಿದರು. ಬ್ರೋಷರಿನ ನಕ್ಷೆ ನೋಡಿ ಇಡೀ ಟವರನ್ನು ರೆವಿಟ್‌ನಲ್ಲಿ ಎಬ್ಬಿಸಿ, ಬಿಲ್ಡರ್ ರೇರಾಗೆ ಬರೆದುಕೊಟ್ಟ ತಾರೀಖುಗಳನ್ನು ಕಟ್ಟಿ, ಭಾನುವಾರ ಭಾನುವಾರ ಸ್ಕೂಟರಿನಲ್ಲಿ ಹೋಗಿ ಫೋಟೊ ತೆಗೆದು ಅಸಲಿ ತಾರೀಖುಗಳನ್ನು ತುಂಬಿದರು. ಈಗ ಅವರ ಬಳಿ ಎರಡು ಟವರು ಅಕ್ಕಪಕ್ಕ ಏಳುವ ವೀಡಿಯೊ ಇದೆ. ಎಡಗಡೆಯದು ಮಾತು ಕೊಟ್ಟದ್ದು: ಬೆಳೆದು, ಬಣ್ಣ ಹೊಡೆಸಿಕೊಂಡು, ಮರ ನೆಟ್ಟುಕೊಂಡು ನಿಲ್ಲುತ್ತದೆ. ಬಲಗಡೆಯದು ನಡೆದದ್ದು: ಹನ್ನೊಂದನೇ ಮಹಡಿಗೆ ಬಂದು ಹಾಗೇ ನಿಂತುಬಿಡುತ್ತದೆ, ಕೆಳಗೆ ತಾರೀಖು ಮಾತ್ರ ಓಡುತ್ತಲೇ ಇರುತ್ತದೆ. ಖರೀದಿದಾರರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇದು ಎಷ್ಟು ಸಲ ಫಾರ್ವರ್ಡ್ ಆಗಿದೆಯೋ ಲೆಕ್ಕವಿಲ್ಲ. ಬಿಲ್ಡರನ ಕಡೆಯವರೂ ನೋಡಿದರಂತೆ. ಒಂದು ದಿನ ರಾಯರಿಗೆ ಫೋನು ಬಂತು. ಧಮಕಿ ಇರಬೇಕೆಂದು ಹೆದರಿ ಎತ್ತಿದರೆ, ‘ವೀಡಿಯೊ ತುಂಬಾ ಚೆನ್ನಾಗಿದೆ, ನಮ್ಮ ಮುಂದಿನ ಪ್ರಾಜೆಕ್ಟಿಗೂ ಮಾಡಿಕೊಡ್ತೀರಾ, ಎಡಗಡೆಯದು ಮಾತ್ರ?’

ನಾವೆಲ್ಲ ನಗುತ್ತೇವೆ. ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಗುರುಗ್ರಾಮದ ಒಂದು ಕೆಲಸದಲ್ಲಿ ಬೇಸ್‌ಮೆಂಟಿನ ಗೋಡೆಯನ್ನು ಹೋಳು ಮಾಡುತ್ತಿದ್ದಾಗ ರಾಯರಿಗೆ ಒಂದು ಪ್ರಶ್ನೆ ಹುಟ್ಟಿತು: ಈ ಗೋಡೆ ಏಪ್ರಿಲ್‌ಗೆ ಮುಚ್ಚುತ್ತದೆ, ಡೀಸೆಲ್ ಜನರೇಟರು ಜೂನಿಗೆ ಬರುತ್ತದೆ, ಅದು ಒಳಗೆ ಹೋಗುವುದೆಲ್ಲಿಂದ? ಡ್ರಾಯಿಂಗ್ ನೋಡಿದ ಯಾರಿಗೂ ಇದು ಹೊಳೆದಿರಲಿಲ್ಲ. ಶೆಡ್ಯೂಲು ನೋಡಿದವರಿಗೂ ಹೊಳೆದಿರಲಿಲ್ಲ. ‘ಉಸೀ ದಿನ್ ದೇಖೇಂಗೆ’ ಎನ್ನುತ್ತಿದ್ದ ಸೈಟ್ ಇನ್‌ಚಾರ್ಜ್ ಆ ಸಂಜೆ ತಾನೇ ಬಂದು, ಗೋಡೆಯಲ್ಲಿ ಎಷ್ಟು ಅಗಲ ಬಿಡಬೇಕು ಎಂದು ಟೇಪು ಹಿಡಿದು ಕೇಳಿದ. ಪಿಟೀಲಿನ ವೀಡಿಯೊದಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ, ಅದು ಮಾಲೀಕರ ಮನರಂಜನೆಗೆ. ಉಪಯೋಗವಿರುವುದು ಆ ದರಿದ್ರ ಕತ್ತರಿಸುವ ಕೆಲಸದಲ್ಲೇ. ಏಕೆಂದರೆ ಇದನ್ನು ನಿಜವಾಗಿ ಹೇಗೆ ಕಟ್ಟುತ್ತೀರಿ ಎಂದು ಇಡೀ ಕಂಪನಿಯಲ್ಲಿ ಕೇಳುವವರು ರಾಯರೊಬ್ಬರೇ. ಅವರಿಗೆ ಇನ್‌ಕ್ರಿಮೆಂಟು ಸಿಗುವುದು ಮಾತ್ರ ಪಿಟೀಲಿನ ಮೇಲೆ.

ಆದ್ದರಿಂದ ಇದನ್ನು ಓದುತ್ತಿರುವ ಆರ್ಕಿಟೆಕ್ಟರಲ್ಲಿ ನನ್ನ ಅರಿಕೆ ಇಷ್ಟೇ: ಕಂಬವನ್ನು ದಯವಿಟ್ಟು ಮಹಡಿಗೊಂದರಂತೆ ಬಿಡಿಸಿ, ಆಮೇಲೆ ಕಾಫಿಗೆ ಹೋಗಿ.