ಶಯ್ಯಾಗಣಿತ ಮತ್ತು ನಗರಯೋಜನೆ: ಒಂದರಿಂದ ಹತ್ತರವರೆಗಿನ ಬೆಂಗಳೂರು

ಮಕ್ಕಳನ್ನು ಮಲಗಿಸುವ ಹೊತ್ತಿಗೆ ಓದುವ, ಒಂದರಿಂದ ಹತ್ತರವರೆಗೆ ಎಣಿಸುತ್ತ ದೊಡ್ಡ ಊರೊಂದನ್ನು ಪರಿಚಯಿಸುವ ರಟ್ಟಿನ ಹಾಳೆಯ ಪುಸ್ತಕಗಳನ್ನು ನಮ್ಮ ವಿದ್ವಾಂಸರು ಶಿಶುಸಾಹಿತ್ಯದ ಕಪಾಟಿಗೆ ಸೇರಿಸಿ ಕೈತೊಳೆದುಕೊಂಡಿದ್ದಾರೆ. ಈ ವರ್ಗೀಕರಣ ತಪ್ಪು ಎಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಪುಟಕ್ಕೊಂದು ಸಂಖ್ಯೆ, ಸಂಖ್ಯೆಗೆ ತಕ್ಕಷ್ಟು ವಸ್ತು, ಪ್ರತಿ ವಸ್ತುವಿಗೂ ನಿಗದಿಯಾದ ಜಾಗ, ಎಲ್ಲಿ ನೋಡಿದರೂ ಮರ, ಕೊನೆಯ ಪುಟದಲ್ಲಿ ಸಕಲರಿಗೂ ನಿದ್ದೆ: ಈ ಐದು ಲಕ್ಷಣಗಳು ಕಥೆಯಲ್ಲಿ ಸಿಗುವುದಿಲ್ಲ, ಮಾಸ್ಟರ್ ಪ್ಲಾನಿನಲ್ಲಿ ಸಿಗುತ್ತವೆ. ಆದ್ದರಿಂದ ಎಣಿಕೆ ಪುಸ್ತಕವನ್ನು ನಗರಯೋಜನೆಯ ಕಪಾಟಿನಲ್ಲಿಡಬೇಕು, ಅದೂ ಮೇಲಿನ ಸಾಲಿನಲ್ಲಿ. ಮೇಲಿನ ಸಾಲು ಏಕೆಂದರೆ, ಬೆಂಗಳೂರಿನ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ಕ್ಕೆ 2007ರಲ್ಲಿ ಒಪ್ಪಿಗೆ ಸಿಕ್ಕಿತು, 2031ನ್ನು ಗುರಿಯಾಗಿಟ್ಟುಕೊಂಡ ಮುಂದಿನ ಕರಡು ಬಂತು, ಅದರ ಬೆನ್ನಿಗೇ ಆಕ್ಷೇಪಣೆಗಳು ಬಂದವು, ಕೊನೆಗೆ ಕರಡು ಬಂದ ದಾರಿಯಲ್ಲೇ ಹಿಂದಿರುಗಿತು. ಎಣಿಕೆ ಪುಸ್ತಕವಾದರೋ ರಾತ್ರಿ ಎಂಟೂವರೆಗೆ ಮಂಡನೆಯಾಗಿ ಒಂಬತ್ತರೊಳಗೆ ಪೂರ್ತಿ ಜಾರಿಯಾಗುತ್ತದೆ. ಈ ಶಾಸ್ತ್ರಕ್ಕೆ ಇದುವರೆಗೆ ಹೆಸರಿಲ್ಲದ ಕಾರಣ ‘ಶಯ್ಯಾಗಣಿತ’ ಎಂದು ಕರೆಯೋಣ.

ಪೂರ್ವನಿದರ್ಶನ ಕೇಳುವವರು ನ್ಯೂಯಾರ್ಕನ್ನು ನೋಡಬಹುದು. 1811ರಲ್ಲಿ ಅಲ್ಲಿನ ಆಯುಕ್ತರು ಮ್ಯಾನ್‌ಹಾಟನ್ ದ್ವೀಪದ ನಕ್ಷೆಯ ಮೇಲೆ ಗೆರೆ ಹಾಕಿ 12 ಅವೆನ್ಯೂ, 155 ಅಡ್ಡರಸ್ತೆ ಎಂದು ಬರೆದಿಟ್ಟರು. ಆ ಗೆರೆಗಳು ಹಾದುಹೋದ ಕಡೆಯೆಲ್ಲ ಆಗ ಇದ್ದದ್ದು ಬಹುಮಟ್ಟಿಗೆ ಹೊಲ, ತೋಟ, ಬಂಡೆ. ಮೊದಲು ಎಣಿಸಿ ಮುಗಿಸಿದರು, ಊರು ಆಮೇಲೆ ಬಂದು ಅಂಕಿಗಳ ಮೇಲೆ ಕೂತಿತು. ಶಯ್ಯಾಗಣಿತದ ಮೂಲಸೂತ್ರ ಇದೇ. ಆದರೆ 1830ರ ದಶಕದಲ್ಲಿ ಮೂರಕ್ಕೂ ನಾಲ್ಕಕ್ಕೂ ನಡುವೆ ಲೆಕ್ಸಿಂಗ್ಟನ್, ನಾಲ್ಕಕ್ಕೂ ಐದಕ್ಕೂ ನಡುವೆ ಮ್ಯಾಡಿಸನ್ ತೂರಿಕೊಂಡವು. ನಾಲ್ಕನೆಯದರ ಬಹುಪಾಲು ಮುಂದೆ ಪಾರ್ಕ್ ಅವೆನ್ಯೂ ಎಂದು ಹೆಸರು ಬದಲಿಸಿಕೊಂಡಿತು. ಆ ಊರಿನ ಮಗು ಪ್ರಾಮಾಣಿಕವಾಗಿ ಎಣಿಸಿದರೆ ‘ಮೂರು, ಲೆಕ್ಸಿಂಗ್ಟನ್, ಪಾರ್ಕ್, ಮ್ಯಾಡಿಸನ್, ಐದು’ ಎನ್ನಬೇಕಾಗುತ್ತದೆ. ಬೆಂಗಳೂರು ಈ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಜಯನಗರದ ಬ್ಲಾಕುಗಳು ಒಂದು, ಎರಡು, ಮೂರು ಎಂದು ಲಕ್ಷಣವಾಗಿ ಹೊರಟು, ನಾಲ್ಕು ಆದ ಮೇಲೆ ‘ನಾಲ್ಕನೇ ಟಿ’ ಎಂಬ, ಯಾವ ಮಗ್ಗಿಯಲ್ಲೂ ಇಲ್ಲದ ಸಂಖ್ಯೆಯನ್ನು ಮುಟ್ಟಿ, ಐದಕ್ಕೆ ದಾಟಿ, ಒಂಬತ್ತಕ್ಕೆ ನಿಲ್ಲುತ್ತವೆ. ಒಂಬತ್ತಕ್ಕೇ ಏಕೆ ನಿಂತರು ಎಂದು ಕೇಳುವವರು ಶಾಸ್ತ್ರವನ್ನು ಅರಿಯದವರು. ಹತ್ತು ಮುಟ್ಟುವ ಮೊದಲೇ ಯೋಜಕರಿಗೆ ನಿದ್ದೆ ಬಂದಿತ್ತು ಎಂಬುದೇ ಯೋಜನೆ ಫಲಿಸಿದ್ದಕ್ಕೆ ಸಾಕ್ಷಿ. ಟಿ ಬ್ಲಾಕನ್ನೂ ಸೇರಿಸಿಕೊಂಡರೆ ಲೆಕ್ಕ ಸರಿಯಾಗಿ ಹತ್ತೇ ಆಗುತ್ತದೆ ಎಂಬುದನ್ನು ಎದುರುಪಕ್ಷದವರು ಬೇಕೆಂದೇ ಮರೆಮಾಚುತ್ತಾರೆ.

ಎದುರುಪಕ್ಷದ ಪ್ರಬಲ ವಾದವನ್ನು ಈಗ ಎತ್ತಿಕೊಳ್ಳಬೇಕು. ಕಿಟಕಿಯಾಚೆಗಿನ ಊರು ಪುಸ್ತಕದ ಲೆಕ್ಕಕ್ಕೆ ಒಗ್ಗುವುದಿಲ್ಲ, ಆದ್ದರಿಂದ ಪುಸ್ತಕ ಸುಳ್ಳು ಎಂಬುದು ಅವರ ತಕರಾರು. ಇದರಲ್ಲಿ ಹುರುಳಿದೆ. ‘ಒಂದು ವಿಧಾನಸೌಧ’ ಎಂಬ ಮೊದಲ ಪುಟದಲ್ಲೇ ನಾವು ಎಡವುತ್ತೇವೆ. 1956ರ ಆ ಕಟ್ಟಡದ ಪಕ್ಕದಲ್ಲೇ 2005ರಲ್ಲಿ ಅದೇ ಧಾಟಿಯ ವಿಕಾಸಸೌಧ ಎದ್ದು ನಿಂತಿದೆ, 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವೂ ಆಯಿತು. ಮಗು ಎರಡು ಎಂದರೂ ಮೂರು ಎಂದರೂ ಗದರಿಸುವ ಅಧಿಕಾರ ಪಾಲಕರಿಗಿಲ್ಲ. ರಸ್ತೆಯ ಆಚೆ ಬದಿಗೆ, ಹದಿನೆಂಟು ಇಲಾಖೆಗಳ ದೆಸೆಯಿಂದ ಅಠಾರಾ ಕಚೇರಿ ಎನಿಸಿಕೊಂಡ ಕಟ್ಟಡದಲ್ಲಿ ಈಗಿರುವುದು ಒಂದೇ ಒಂದು ಹೈಕೋರ್ಟು. ಕೆಂಪೇಗೌಡರ ಹೆಸರಿನ ಗೋಪುರಗಳೇನೋ ಇವತ್ತಿಗೂ ನಾಲ್ಕೇ: ಲಾಲ್‌ಬಾಗಿನ ಬಂಡೆಯ ಮೇಲೊಂದು, ಕೆಂಪಾಂಬುಧಿ ಕೆರೆಯ ಬಳಿಯೊಂದು, ಹಲಸೂರಿನಲ್ಲೊಂದು, ಮೇಖ್ರಿ ವೃತ್ತದ ಹತ್ತಿರವೊಂದು. ಊರು ಇವುಗಳನ್ನು ದಾಟದು ಎಂಬ ಪ್ರತೀತಿ ಇತ್ತು. ತುಮಕೂರು ರಸ್ತೆಯ ಎಂಟನೇ ಮೈಲಿ ಈಗ ಊರ ಹೊಟ್ಟೆಯೊಳಗಿದೆ. ಎಂಟನೇ ಪುಟವನ್ನು ನಾಲ್ಕನೇ ಪುಟದ ಆಚೆ ಇಡುವುದೋ ಒಳಗೆ ಇಡುವುದೋ ಎಂಬುದು ಮುದ್ರಕರಿಗೆ ಬಿಟ್ಟ ವಿಚಾರ.

ಆದರೆ ಆಕ್ಷೇಪಣೆಯ ಜೀವ ಇರುವುದು ಐದನೇ ಪುಟದಲ್ಲಿ. ‘ಐದು ಕೆರೆಗಳು’ ಎಂದು ಓದಿದ ಮಗು, ಬೆಳಗಾದ ಮೇಲೆ ತೋರಿಸು ಎಂದು ಹಟ ಹಿಡಿಯಿತು ಎನ್ನೋಣ. ಧರ್ಮಾಂಬುಧಿ ಕೆರೆಗೆ ಕರೆದುಕೊಂಡು ಹೋದರೆ ಅಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಶೂಲೆ ಕೆರೆಯಲ್ಲಿ ಫುಟ್‌ಬಾಲ್, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ, ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್. ಕೆರೆ ಎಂದರೆ ಆಟದ ಬಯಲು, ಅಲ್ಲಿಗೆ ಹೋಗುವ ಬಸ್ಸು ಹೊರಡುವುದೂ ಒಂದು ಕೆರೆಯಿಂದಲೇ ಎಂದು ಮಗು ತೀರ್ಮಾನಿಸಿದರೆ ಅದರ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. (ಮಳೆಗಾಲದಲ್ಲಿ ಮಾತ್ರ ಊರಿನ ಕೆಲವು ಅಂಡರ್‌ಪಾಸುಗಳು ಈ ಕೊರತೆಯನ್ನು ತುಂಬಿಕೊಡಲು ಶಕ್ತಿಮೀರಿ ಶ್ರಮಿಸುತ್ತವೆ, ಅವು ಋತುಮಾನದ ಕೆರೆಗಳಾದ್ದರಿಂದ ಈ ಅಧ್ಯಯನದ ವ್ಯಾಪ್ತಿಗೆ ಸೇರಿಲ್ಲ.) ಹಾಗಿದ್ದರೆ ಪುಸ್ತಕ ಸುಳ್ಳಾಯಿತೇ? ಇಲ್ಲ. ಎಣಿಸಿ ನೋಡಿ: ಸ್ಥಳಗಳು ಐದಿದ್ದವು, ಈಗಲೂ ಐದಿವೆ. ಸಂಖ್ಯೆ ಕೂದಲೆಳೆಯಷ್ಟೂ ಅಲುಗಾಡಿಲ್ಲ, ವಸ್ತು ಮಾತ್ರ ಬೇರೆಯಾಗಿದೆ. ಕಚೇರಿಯ ಕಡತಗಳಲ್ಲಿ ಇದನ್ನು ಯಾರೂ ಸುಳ್ಳು ಎಂದು ಬರೆಯುವುದಿಲ್ಲ, ಭೂಬಳಕೆ ಬದಲಾವಣೆ ಎಂದು ಬರೆಯುತ್ತಾರೆ. ಮಾಸ್ಟರ್ ಪ್ಲಾನಿಗೆ ಸಲ್ಲುವ ಈ ಸೌಲಭ್ಯವನ್ನು ರಟ್ಟಿನ ಪುಸ್ತಕಕ್ಕೆ ನಿರಾಕರಿಸುವುದು ಸಹಜ ನ್ಯಾಯಕ್ಕೆ ವಿರುದ್ಧ.

ಎರಡನೆಯ ಆಕ್ಷೇಪಣೆ ಸಂಪ್ರದಾಯವಾದಿಗಳದು. ಕನ್ನಡದ ಮಗು ಒಂದರಿಂದ ಹತ್ತು ಕಲಿಯುವುದು ಬಾಳೆಲೆಯ ಮುಂದೆ, ಊಟದ ಪದ್ಯದಲ್ಲಿ; ಮಲಗುವುದು ಜೋಗುಳಕ್ಕೆ. ಜೋಗುಳದಲ್ಲಿ ತೊಟ್ಟಿಲು ಬರುತ್ತದೆ, ತೋಳು ಬರುತ್ತದೆ, ಲೆಕ್ಕ ಬರುವುದಿಲ್ಲ. ಮಲಗುವ ಮಗುವಿನಿಂದ ಲೆಕ್ಕ ಒಪ್ಪಿಸಿಕೊಂಡರೆ ಬೆಳಗ್ಗೆ ಏಳುವುದು ಮಗುವಲ್ಲ, ಗುಮಾಸ್ತ ಎಂಬುದು ಅವರ ಆತಂಕ. ಗುಮಾಸ್ತರಿಗೇನು ಕಡಿಮೆಯಾಯಿತು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ. ದೀಪ ಹಚ್ಚಿದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದ ಪದ್ಧತಿ ಇವರ ನೆನಪಿನಿಂದ ಹೇಗೆ ಜಾರಿತು? ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಬಿಡದೆ ಹೇಳಿಸಿ, ಹದಿಮೂರು ಎಂಟಲ ಎಷ್ಟು ಎಂಬಲ್ಲಿಗೆ ಮಗುವಿನ ತಲೆ ತೂಗಿ ಗೋಡೆಗೆ ತಾಗುವವರೆಗೆ ನಡೆಯುತ್ತಿದ್ದ ಆ ವಿಧಿ ಶಯ್ಯಾಗಣಿತವಲ್ಲದೆ ಮತ್ತೇನು? ನಮ್ಮ ಹಿರಿಯರಲ್ಲಿ ವಿಧಾನವಿತ್ತು, ಬಣ್ಣದ ಚಿತ್ರಗಳಿರಲಿಲ್ಲ.

ಇಷ್ಟಾದರೂ ಒಪ್ಪದವರಿಗಾಗಿ ನಿರ್ಣಾಯಕ ಪುರಾವೆಯನ್ನು ಕಾದಿರಿಸಿದ್ದೇನೆ. ನಿದ್ದೆ ಬಾರದವರು ಏನು ಮಾಡುತ್ತಾರೆ? ಎಣಿಸುತ್ತಾರೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವಾರ್ಡುಗಳನ್ನು 198 ಎಂದು ಎಣಿಸಲಾಯಿತು. 2015ರಲ್ಲಿ ಆ ಲೆಕ್ಕದ ಮೇಲೆ ಚುನಾವಣೆಯೂ ನಡೆಯಿತು. 2020ರಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದಾಚೆ 243 ಎಂದು ಎಣಿಸಿದರು. ನಿದ್ದೆ ಬರಲಿಲ್ಲ. ಇಳಿಸಿ 225 ಎಂದು ಎಣಿಸಿದರು. ಎರಡು ಲೆಕ್ಕಕ್ಕೂ ಒಂದೊಂದು ಚುನಾವಣೆಯಾದರೂ ನಡೆಯಬೇಕಿತ್ತು ಎನ್ನುವವರು ಎಣಿಕೆಯ ಉದ್ದೇಶವನ್ನೇ ತಿಳಿಯದವರು. ಮಲಗುವ ಮುನ್ನ ಕುರಿ ಎಣಿಸುವವರು ಬೆಳಗ್ಗೆ ಎದ್ದು ಉಣ್ಣೆ ಕತ್ತರಿಸಲು ಹೊರಡುವುದಿಲ್ಲ. ಕೊನೆಗೆ 2025ರಲ್ಲಿ ಊರನ್ನು ಐದು ಪಾಲಿಕೆಗಳಾಗಿ ಹಂಚಿದರು. ಐದು ಎಂದರೆ ಒಂದು ಕೈಯ ಬೆರಳುಗಳು, ಅಂದರೆ ಮೂರು ವರ್ಷದ ಮಗುವಿಗೆ ಎಟುಕುವ ಸಂಖ್ಯೆ. ಪಟ್ಟು ಹಿಡಿದು ಸಾಗಿದ ಆಡಳಿತವು ತಾನಾಗಿಯೇ ಎಣಿಕೆ ಪುಸ್ತಕದ ಅರ್ಧದವರೆಗೆ ಬಂದು ತಲುಪಿರುವಾಗ, ಪುಸ್ತಕವನ್ನು ಇನ್ನೂ ಶಿಶುಸಾಹಿತ್ಯವೆಂದು ಕರೆಯುವುದು ಆಡಳಿತದ ಬಗ್ಗೆ ಆಡುವ ಹಗುರವಾದ ಮಾತಾಗುತ್ತದೆ.

ಉಳಿದಿರುವುದು ತಾಂತ್ರಿಕ ಶಿಫಾರಸುಗಳು. ಹತ್ತನೇ ಪುಟಕ್ಕೆ ಸಿಗ್ನಲ್ಲಿನಲ್ಲಿ ನಿಂತ ಹತ್ತು ವಾಹನಗಳನ್ನೇ ಆರಿಸಿಕೊಳ್ಳಬೇಕು. ಎಣಿಸಿ ಮುಗಿಸುವವರೆಗೆ ಕದಲದೆ ನಿಲ್ಲುವ ವಸ್ತು ಈ ಊರಿನಲ್ಲಿ ಬೇರೊಂದಿಲ್ಲ, ಮೇಲಾಗಿ ಕೆಂಪು ದೀಪದ ಪಕ್ಕದ ಅಂಕಿಗಳು ಹಿಂದುಮುಂದಾಗಿ ಎಣಿಸುವ ಅಭ್ಯಾಸವನ್ನೂ ಪುಕ್ಕಟೆಯಾಗಿ ಮಾಡಿಸುತ್ತವೆ. ಐದನೇ ಪುಟದ ಕೆರೆಗಳಿಗೆ ಬಣ್ಣ ತುಂಬದೆ ಬರಿಯ ಗೆರೆ ಎಳೆದಿಟ್ಟರೆ, ನೀಲಿಯೋ ಹಸಿರೋ ಸಿಮೆಂಟಿನ ಬೂದಿಯೋ, ಮಕ್ಕಳು ಆಯಾ ವರ್ಷಕ್ಕೆ ತಕ್ಕಂತೆ ತುಂಬಿಕೊಳ್ಳುತ್ತಾರೆ. ಪುಸ್ತಕವನ್ನು ಅಂಟು ಹಾಕಿ ಕಟ್ಟದೆ ಸ್ಪೈರಲ್ ಹಾಕಿಸುವುದು ಕಡ್ಡಾಯ. ನಾಲ್ಕಕ್ಕೂ ಐದಕ್ಕೂ ನಡುವೆ ಮುಂದೆ ತೂರಿಸಬೇಕಾಗಿ ಬರುವ ಹಾಳೆಗೆ ಎ ಖಾತಾ ಕೇಳುವ ಗೋಜು ಬೇಡ, ಬಿ ಖಾತಾ ಸಾಕು.