ಮುಂದ ಡಿಜೆ, ಹಿಂದ ಕತ್ತಲಿ

ಏನ್ರಿ ಉಮದಿ ಕಡಿಯವರ, ಕಬ್ಬಿನ ಸೀಜನ್ ಬಂತಂದ್ರ ನಿಮ್ಮ ಟ್ರ್ಯಾಕ್ಟರಕಿಂತ ಮೊದಲ ನಿಮ್ಮ ಹಾಡು ಊರು ಮುಟ್ಟತೈತಿ. ಬಾನೆಟ್ಟಿಗೆ ಗೊಂಡೆ, ಟಾಪಿಗೆ ಬಣ್ಣದ ಲೈಟು, ಮಡ್‌ಗಾರ್ಡ್ ಮ್ಯಾಲ ಕೊಡದಷ್ಟು ದೊಡ್ಡ ಸ್ಪೀಕರ್. ಎಲ್ಲಾ ಚಂದ. ಹಿಂದಿನ ಟ್ರೇಲರಿಗೆ ಒಂದರ ಕೆಂಪು ಲೈಟ್ ಹತ್ತತೈತೇನ್ರಿ? (ನೆಲ ಯಾಕ ನೋಡ್ತೀರಿ? ನಾ ಆರ್‌ಟಿಒ ಅಲ್ಲ.)

'ಬಲ್ಬ್ ಹೋಗೇತ್ರಿ' ಅಂತೀರಿ. ಗೊತ್ತೈತಿ. ಹೊಸಾ ಬಲ್ಬ್ ಹಾಕ್ತೀರಿ, ಹತ್ತವಲ್ದು. ಕೈಲೆ ಎರಡು ಬಡೀತೀರಿ, ಹತ್ತತೈತಿ! ಮೀಸಿ ತಿರುವಿ ಹೊಂಡ್ತೀರಿ. ಮೊದಲನೇ ತೆಗ್ಗಿಗೆ ಹೊಳ್ಳಿ ಢಬ್. ಆಮ್ಯಾಲ ಕಬ್ಬಿನ ತುದಿಗೆ ಒಂದು ಕೆಂಪು ಅರಿವಿ ಕಟ್ಟಿ ದೇವರ ಮ್ಯಾಲ ಭಾರ ಹಾಕ್ತೀರಿ. (ರಾತ್ರಿ ಆ ಅರಿವಿ ಯಾರಿಗೆ ಕಾಣತೈತೋ, ದೇವರಿಗೇ ಗೊತ್ತು.)

ಈಗ ಖರೇ ಹೇಳ್ರಿ. ಬಲಕ್ಕ ಇಂಡಿಕೇಟರ್ ಹಾಕಿದ್ರ ಹಿಂದಿನ ಲೈಟೆಲ್ಲಾ ಕೂಡೇ ಮಿಣುಕ್ ಮಿಣುಕ್ ಅಂತಾವ, ಹೌದಿಲ್ಲೋ? ಬ್ರೇಕ್ ಒತ್ತಿದ್ರ ಸಣ್ಣ ಲೈಟು ಸಪ್ಪಗ ಆಗತೈತಿ? ಹಂಗಾದ್ರ ಬಲ್ಬಿನ ಅಂಗಡಿಗೆ ರೊಕ್ಕ ಕೊಡೂದು ಬಿಡ್ರಿ. ಎಲ್ಲಾ ಬಲ್ಬೂ ಒಮ್ಮೆಗೇ ಮುನಿಸ್ಕೊಳ್ಳಾಕ ಅವೇನು ಬೀಗರ?

ಅದು ಅರ್ಥಿಂಗ್ ತಕರಾರು. ಕರೆಂಟು ಹ್ವಾದ ಮ್ಯಾಲ ಹೊಳ್ಳಿ ಬರಾಕ ದಾರಿ ಬೇಕಲ್ರಿ? ಆ ದಾರಿ ನೀವು ಎಲ್ಲಿ ಇಟ್ಟೀರಿ? ಟ್ರೇಲರ್ ಸಿಗಿಸೋ ಪಿನ್ನಿನ್ಯಾಗ! ಅಲ್ಲಿ ಗ್ರೀಸು, ಜಂಗು, ಕಬ್ಬಿನ ರವದಿ, ಎರಿ ಮಣ್ಣು. ದಾರಿ ಸಿಗದ ಕರೆಂಟು ಮಗ್ಗಲದ ಬಲ್ಬಿನ್ಯಾಗ ನುಗ್ಗತೈತಿ, ಎಲ್ಲಾ ಅರೆಬರೆ ಹತ್ತತಾವ. ಸ್ಪೀಕರಿಗೆ ಮಾತ್ರ ಬ್ಯಾಟ್ರಿಯ ಮೈನಸ್ಸಿನಿಂದ ಬೆರಳದಪ್ಪ ವಾಯರ್ ಎಳದೀರಿ. (ಯಾಕಂದ್ರ ಹಾಡು ನಿಮ್ಮ ಕಿವಿಗೆ ಬೀಳತೈತಿ, ಹಿಂದಿನ ಲೈಟು ಹಿಂದ ಬರಾಂವಗ. ಹಿಡದ್ನೋ ಇಲ್ಲೋ?)

ಪರೀಕ್ಷಾ ಮಾಡ್ರಿ. ಒಂದು ಉದ್ದ ವಾಯರ್ ತಗೊಂಡು ಟ್ರ್ಯಾಕ್ಟರ್ ಬ್ಯಾಟ್ರಿಯ ಮೈನಸ್ಸಿನಿಂದ ಟ್ರೇಲರಿನ ಕಬ್ಬಿಣಕ್ಕ ಹಚ್ಚ್ರಿ. ಹಚ್ಚೂ ಜಾಗಾದಾಗ ಬಣ್ಣ ಕೆರದು ಬೆಳ್ಳಗ ಮಾಡಿರಬೇಕು ಮತ್ತ. ಲೈಟು ಝಗ್ಗ ಅಂದ್ವಿಲ್ಲೋ, ಕಳ್ಳ ಸಿಕ್ಕ. ಅಲ್ಲೇ ಒಂದು ದಪ್ಪ ವಾಯರ್ ಕಾಯಂ ಹಾಕಿ ಬೋಲ್ಟ್ ಬಿಗೀರಿ.

ಆದ್ರೂ ಹತ್ತವಲ್ದು? ಟೆಸ್ಟ್ ಲ್ಯಾಂಪ್ ತಗೊಂಡು ಮೊದಲ ಟ್ರ್ಯಾಕ್ಟರಿನ ಸಾಕೆಟ್ ನೋಡ್ರಿ. ಅಲ್ಲಿ ಕರೆಂಟ್ ಐತೆಂದ್ರ ಟ್ರ್ಯಾಕ್ಟರ್ ತಪ್ಪಿಲ್ಲ, ರೋಗ ಹಿಂದೈತಿ. ಇಲ್ಲಂದ್ರ ಫ್ಯೂಜ್ ನೋಡ್ರಿ. ಲ್ಯಾಂಪಿನ ಕ್ಲಿಪ್ ಬ್ಯಾಟ್ರಿ ಮೈನಸ್ಸಿಗೇ ಇರ್ಲಿ. ಟ್ರೇಲರಿಗೆ ಹಚ್ಚಿದ್ರ ಆ ಕೆಟ್ಟ ಅರ್ಥಿಂಗ್ ನಿಮಗೂ ಸುಳ್ಳ ಹೇಳತೈತಿ.

ನಿಮ್ಮದು ಇನ್ನೊಂದು ಚಾಳಿ. ಟ್ರ್ಯಾಕ್ಟರ್ ಎಂಎಚ್-10, ಟ್ರೇಲರ್ ಚಡಚಣದ ಬೀಗರಿಂದ ತಂದ ಕೆಎ-28. ಗಡಿ ದಾಟಿದ್ರ ವಾಯರಿನ ಬಣ್ಣಾನೂ ಬದಲಿ! ಏಳು ಪಿನ್ನಿನ ಸಾಕೆಟ್ಟಿಗೆ ಐಎಸ್‌ಒ 1724 ಅಂತ ಒಂದು ಪದ್ಧತಿ ಐತ್ರಿ: ಹಳದಿ ಎಡ ಇಂಡಿಕೇಟರ್, ಹಸರು ಬಲ, ಕೆಂಪು ಬ್ರೇಕ್, ಬಿಳಿ ಅರ್ಥಿಂಗ್. ಆದ್ರ ನಮ್ಮ ಮಂದಿ ಕೈಗೆ ಸಿಕ್ಕ ತುಂಡು ಜೋಡಿಸಿ ಟೇಪ್ ಸುತ್ತಿದವ್ರು. ಬಣ್ಣ ನಂಬಬ್ಯಾಡ್ರಿ, ಒಂದೊಂದಾ ಪಿನ್ ಟೆಸ್ಟ್ ಮಾಡ್ರಿ.

ಎರಡು ತಂತಿಯ 21/5 ವ್ಯಾಟ್ ಬಲ್ಬನ್ನೂ ಒಮ್ಮೆ ತಗದು ನೋಡ್ರಿ. ಅದರ ಎರಡು ಗುಬುಟು ಒಂದು ಮ್ಯಾಲ, ಒಂದು ಕೆಳಗ ಇರತಾವ. ನೀವು ಜೋರಲೆ ತಿರುಗಿಸಿ ಉಲ್ಟಾ ಹಾಕೀರಿ, ಬ್ರೇಕೂ ಸಣ್ಣ ಲೈಟೂ ಅದಲಿಬದಲಿ ಆಗೇತಿ.

ಕಡೀಗೆ ಮನಿಯವ್ರನ್ನ ಹಿಂದ ನಿಲ್ಲಿಸಿ 'ಬಲ ಹತ್ತಿತೇನ' ಅಂತ ಕೇಳ್ರಿ. ಅಕಿ 'ಎಡ' ಅಂದ್ರ ಲಗೂನ ಸಾಕೆಟ್ ಬಿಚ್ಚಬ್ಯಾಡ್ರಿ. ಅಕಿ ಟ್ರೇಲರ್ ಕಡಿ ಮಾರಿ ಮಾಡ್ಯಾಳೋ, ಬಳಿ ಮಾರಾವನ ಕಡಿ ಮಾಡ್ಯಾಳೋ, ಮೊದಲ ಇಳದು ನೋಡ್ರಿ.