ಗಾಜೋ, ಅಕ್ರಿಲಿಕ್ಕೋ?

ಮೀನು ತರಲು ಹೋದ ಯಜಮಾನರನ್ನು ಅಂಗಡಿಯವ ಕೇಳಿದ: "ತೊಟ್ಟಿ ಗಾಜಿಂದೋ, ಅಕ್ರಿಲಿಕ್ಕಿಂದೋ ಸಾರ್?" ಅವತ್ತಿಗೆ ಅವರ ನಿದ್ದೆ ಹೋಯಿತು.

ಅಕ್ರಿಲಿಕ್ ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ, ಏಟು ಬಿದ್ದರೂ ಸುಲಭಕ್ಕೆ ಒಡೆಯದು. ಮೊಮ್ಮಗನ ಕ್ರಿಕೆಟ್ಟಿಗೆ ಇದೇ ಸರಿ ಎನ್ನುವಷ್ಟರಲ್ಲಿ ಗೀರಿನ ಸುದ್ದಿ ಬಂತು. ಪಾಚಿ ಒರೆಸುವ ಸ್ಪಂಜಿನಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಸಾಕು, ಗೋಲ್ಡ್‌ಫಿಷ್ ಮುಖದ ಮೇಲೆ ಅಡ್ಡಗೆರೆ. ಏನು ಕಂಡರೂ ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಿಡಿದು ಉಜ್ಜುವ ತಮ್ಮ ಚಾಳಿ ನೆನೆದು ಯಜಮಾನರು ಬೆವರಿದರು.

2022ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಹೋಟೆಲೊಂದರಲ್ಲಿದ್ದ ಅಕ್ವಾಡೋಮ್ ಎಂಬ 10 ಲಕ್ಷ ಲೀಟರಿನ ಅಕ್ರಿಲಿಕ್ ತೊಟ್ಟಿ ಸಿಡಿದು ನೀರು ಬೀದಿಗೇ ನುಗ್ಗಿತ್ತೆಂದು ಮಗಳು ಹೇಳಿದ್ದೇ ತಡ, ಗಾಜು ಗೆದ್ದಿತು. (ಇವರದು 50 ಲೀಟರು, ಇರಲಿ.)

ಅದನ್ನು ಮೂರನೇ ಮಹಡಿಗೆ ಹೊರುವವರು ಯಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಲಿಫ್ಟ್ ಕೆಟ್ಟಿದೆ.